ಒಂದೇ ಅಂಗಳದ ಎರಡು ನಾಯಿಗಳು

ಒಕ್ಕಲುತನದ ಮನೆಗಳಿಗೆ ನಾಯಿ ಹೊಸದಲ್ಲ. ಹೊಲ ಕಾಯಲು, ಬಾಗಿಲು ಕಾಯಲು, ಮಕ್ಕಳ ಬೆನ್ನಹಿಂದೆ ನಡೆಯಲು ಅದು ಹಿರಿಯರ ಕಾಲದಿಂದಲೂ ಜೊತೆಗಿದೆ. ಆದರೆ ಒಂದೇ ಮನೆಯ ಅನ್ನ ಉಂಡ ಎರಡು ನಾಯಿಗಳು ಒಂದನ್ನೊಂದು ಕಚ್ಚಲು ನಿಂತಾಗ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು. ಅಂತಹ ಸಂಕಟ ನಮ್ಮ ಮನೆಗೂ ಬಂದಿತ್ತು. ಅದರಿಂದ ತಿಳಿದುಕೊಂಡದ್ದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ನಮ್ಮಲ್ಲಿ ಮೋತಿ ಎಂಬ ಒಂಬತ್ತು ವರ್ಷದ ಊರನಾಯಿ ಇತ್ತು. ಅದರ ಜೊತೆಗೆ ಮುಧೋಳ ತಳಿಯ ಮರಿಯೊಂದು ಬಂತು. ರಾಜ ಎಂದು ಹೆಸರಿಟ್ಟೆವು. ಬಾಗಲಕೋಟೆ ಜಿಲ್ಲೆಯ ಈ ತಳಿ ಬೇಟೆಗೆ ಹೆಸರಾದುದು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಒಂದೂವರೆ ವರ್ಷ ಎರಡೂ ಒಂದೇ ಗೋಣಿತಾಟಿನ ಮೇಲೆ ಮಲಗಿದವು. ರಾಜ ಪ್ರಾಯಕ್ಕೆ ಬಂದ ಮೇಲೆ ಗುರುಗುಟ್ಟುವಿಕೆ ಆರಂಭವಾಯಿತು. ಒಂದು ಸಂಜೆ ರೊಟ್ಟಿಯ ತುಣುಕಿಗಾಗಿ ನಡೆದ ಕಾದಾಟದಲ್ಲಿ ಮೋತಿಯ ಕಿವಿ ಹರಿಯಿತು. ಐದು ವರ್ಷದ ಮೊಮ್ಮಗ ಎರಡು ಮಾರು ದೂರದಲ್ಲಿ ನಿಂತಿದ್ದ. ಬಿಡಿಸಲು ಹೋದ ಆಳುಮಗನನ್ನು ನಮ್ಮ ತಾಯಿಯವರು, “ಕೈ ಹಾಕಬ್ಯಾಡೋ ತಮ್ಮಾ, ನೀರು ಸುರುವು” ಎಂದು ಕೂಗಿ ತಡೆದರು. ಕೊಡದ ನೀರು ಬಿದ್ದೊಡನೆ ಎರಡೂ ಬೇರ್ಪಟ್ಟವು.

ಅಂದು ರಾತ್ರಿ ರಾಜನನ್ನು ಬೇರೆಯವರಿಗೆ ಕೊಟ್ಟುಬಿಡುವ ಮಾತು ಬಂತು. ನೆರೆಯವರು ಕೆಲವರು, “ಯಾವುದು ನಾಯಕ ಎಂಬುದು ತೀರ್ಮಾನವಾಗುವವರೆಗೆ ಕಾದಾಡಲಿ ಬಿಡಿ” ಎಂದರು. ಈ ನಂಬಿಕೆಗೆ ಬಲ ಬಂದದ್ದು ತೋಳಗಳ ಅಧ್ಯಯನದಿಂದ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ನಡುವಿನ ಮೇಲಾಟವನ್ನು ವಿವರಿಸಿದ್ದರು. ಆದರೆ ಕಾಡಿನ ತೋಳಗಳನ್ನು ಬಹುಕಾಲ ಗಮನಿಸಿದ ಅಮೆರಿಕದ ಡೇವಿಡ್ ಮೆಕ್ ಅವರು, ಹಿಂಡೆಂದರೆ ಸಾಮಾನ್ಯವಾಗಿ ತಂದೆತಾಯಿ ಮತ್ತು ಮಕ್ಕಳ ಕುಟುಂಬವೇ ಎಂದು 1999ರಲ್ಲಿ ಬರೆದರು. ನಾಯಿಗಳನ್ನು ಕಾದಾಡಲು ಬಿಟ್ಟರೆ ಬೆಳೆಯುವುದು ಗಾಯ ಮತ್ತು ಹಗೆ ಮಾತ್ರ.

ಪಶುವೈದ್ಯರು ಮೊದಲು ಮೋತಿಯನ್ನೇ ಪರೀಕ್ಷಿಸಿದರು. ಅದರ ಹಿಂಗಾಲಿನ ಕೀಲುಗಳಲ್ಲಿ ನೋವಿತ್ತು. ನೋವುಳ್ಳ ಪ್ರಾಣಿ, ಯಾರಾದರೂ ತಾಕಿಯಾರೆಂಬ ಅಂಜಿಕೆಯಿಂದಲೇ ಸಿಡುಕುತ್ತದೆ ಎಂದು ತಿಳಿಸಿ ಔಷಧ ಕೊಟ್ಟರು. ಮುಂದಿನದು ಮನೆಯವರ ಕೆಲಸವಾಗಿತ್ತು.

ಕೆಲವು ವಾರ ಒಂದು ಪಡಸಾಲೆಯಲ್ಲಿ, ಇನ್ನೊಂದು ಹಿತ್ತಲಲ್ಲಿ ಉಳಿಯಿತು. ಊಟ ಬೇರೆ ಬೇರೆ ಕಡೆ, ನಡುವೆ ಮುಚ್ಚಿದ ಬಾಗಿಲು. ಉಂಡೊಡನೆ ತಟ್ಟೆಗಳನ್ನು ಎತ್ತಿಡುತ್ತಿದ್ದೆವು. ಜಗಳಕ್ಕೆ ಕಾರಣವಾಗುವ ತುಣುಕು ಅಂಗಳದಲ್ಲಿ ಉಳಿಯಬಾರದಲ್ಲವೆ? ಬಳಿಕ ಇಬ್ಬರು ಒಂದೊಂದನ್ನು ಹಗ್ಗದಲ್ಲಿ ಹಿಡಿದು, ಸಾಕಷ್ಟು ಅಂತರವಿಟ್ಟು, ಒಂದೇ ದಿಕ್ಕಿಗೆ ನಡೆಸುವುದು ಆರಂಭವಾಯಿತು. ಅವು ಶಾಂತವಾಗಿದ್ದಂತೆಲ್ಲ ಅಂತರವನ್ನು ತುಸುತುಸುವೇ ಕಡಿಮೆ ಮಾಡಿದೆವು. ಗುರುಗುಟ್ಟಿದರೆ ಹೊಡೆಯಲಿಲ್ಲ, ದೂರ ಸರಿಸಿದೆವು. ಗುರುಗುಟ್ಟುವುದು ಎಚ್ಚರಿಕೆಯ ಮಾತು. ಅದಕ್ಕೆ ಏಟು ತಿಂದ ನಾಯಿ ಎಚ್ಚರಿಸದೆಯೇ ಕಚ್ಚುವುದನ್ನು ಕಲಿಯಬಹುದು.

ನಾಲ್ಕು ತಿಂಗಳು ಹಿಡಿಯಿತು. ಈಗ ಎರಡೂ ಒಂದೇ ಅಂಗಳದಲ್ಲಿ ಬೇರೆ ಬೇರೆ ಮೂಲೆಗಳಲ್ಲಿ ಮಲಗುತ್ತವೆ. ಹಳೆಯ ಸಲುಗೆ ಮರಳಿಲ್ಲ, ಹಗೆಯೂ ಕಾಣುತ್ತಿಲ್ಲ. ಊಟ ಇಂದಿಗೂ ಬೇರೆಯೇ. ಮೊಮ್ಮಗನನ್ನು ಅವುಗಳೊಂದಿಗೆ ಒಂಟಿಯಾಗಿ ಬಿಡುವುದಿಲ್ಲ. ಎರಡಕ್ಕೂ ಪ್ರತಿವರ್ಷ ರೇಬೀಸ್ ಲಸಿಕೆ ಹಾಕಿಸುತ್ತೇವೆ. ಒಂದು ವೇಳೆ ಯಾರಿಗಾದರೂ ಹಲ್ಲು ತಾಗಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂಬುದು ಮನೆಯ ಎಲ್ಲರಿಗೂ ತಿಳಿದಿದೆ.

ಎಲ್ಲ ಮನೆಗಳಲ್ಲಿಯೂ ಇದು ಹೀಗೆಯೇ ಮುಗಿಯಲಾರದು. ಇಷ್ಟೆಲ್ಲ ಮಾಡಿದರೂ ರಕ್ತ ಹರಿಯುವುದು ನಿಲ್ಲದಿದ್ದರೆ, ಒಂದಕ್ಕೆ ತಕ್ಕ ಬೇರೆ ಮನೆ ಹುಡುಕುವುದು ನಿರ್ದಯವಲ್ಲ. ಬೀದಿಗೆ ಬಿಟ್ಟು ಬರುವುದು ಮಾತ್ರ ಸಲ್ಲದು. ಹೊಸ್ತಿಲೊಳಗೆ ಕರೆದುಕೊಂಡ ಮೂಕಪ್ರಾಣಿಗೆ ನೆಮ್ಮದಿಯ ಮೂಲೆಯೊಂದನ್ನು ಒದಗಿಸುವ ಹೊಣೆ ಕರೆದುಕೊಂಡವರದೇ.