ಬತ್ತೀನಿ ಮಗಾ

ನಮ್ಮೂರಿನ ಅರಳಿಕಟ್ಟೆಯ ಹತ್ತಿರ ಬೆಳಗ್ಗೆ ಎಂಟೂವರೆಗೆ ಒಂದು ಹಳದಿ ವ್ಯಾನು ಬಂದು ನಿಲ್ಲುತ್ತದೆ. ಡ್ರೈವರ್ ಎರಡು ಸಲ ಹಾರನ್ ಹೊಡೆಯುವಷ್ಟರಲ್ಲಿ ಟೈ ಕಟ್ಟಿದ, ತಲೆಗೆ ಎಣ್ಣೆ ಹಚ್ಚಿ ಬಾಚಿದ ಏಳೆಂಟು ಮಕ್ಕಳು ಹತ್ತಿರುತ್ತವೆ. ಅದರಲ್ಲಿ ಒಬ್ಬಳು ನನ್ನ ಅಣ್ಣನ ಮಗಳು ಪುಟ್ಟಿ. ನಾಲ್ಕು ವರ್ಷ, ಎಲ್‌ಕೆಜಿ. ವ್ಯಾನು ಹೋಗಿ ಧೂಳು ಅಡಗಿದ ಸ್ವಲ್ಪ ಹೊತ್ತಿಗೆ ಅದೇ ರಸ್ತೆಯಲ್ಲಿ ಅವಳ ಅಜ್ಜಿ, ಅಂದರೆ ನಮ್ಮವ್ವ, ಬೀಗದ ಕೈ ಹಿಡಿದುಕೊಂಡು ಅಂಗನವಾಡಿಯ ಕಡೆ ನಡೆಯುತ್ತಾಳೆ. ಇಪ್ಪತ್ತೇಳು ವರ್ಷದಿಂದ ಊರಿನ ಮಕ್ಕಳಿಗೆಲ್ಲ ಟೀಚರು. ಅವಳ ಮೊಮ್ಮಗಳು ಮಾತ್ರ ಹನ್ನೊಂದು ಕಿಲೋಮೀಟರು ದೂರದ ಕಾನ್ವೆಂಟಿಗೆ ಹೋಗುತ್ತಾಳೆ. ಈ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಕಳೆದ ಜೂನ್‌ನಲ್ಲಿ ನಾನು ಊರಿಗೆ ಹೋದದ್ದು ನನ್ನ ಪಿಎಚ್.ಡಿ.ಯ ಮೂರನೇ ಅಧ್ಯಾಯ ಬರೆಯುವುದಕ್ಕೆ. ಕಾವೇರಿಯ ಹಳೆಯ ನಾಲೆಗಳ ಮೇಲಿನ ಅಧ್ಯಾಯ. ಆರು ತಿಂಗಳಿಂದ ಎರಡೇ ಪುಟದಲ್ಲಿ ನಿಂತಿತ್ತು. ಹಾಸ್ಟೆಲಿನ ಕೋಣೆಯಲ್ಲಿ ಬರೆಯಲಾಗದ್ದನ್ನು ಮನೆಯ ಜಗುಲಿಯ ಮೇಲೆ ಬರೆಯಬಹುದು ಎಂದುಕೊಂಡಿದ್ದೆ. ಸಂಶೋಧನೆ ಮಾಡುವವರೆಲ್ಲ ಒಂದಲ್ಲ ಒಂದು ಸಲ ಹೀಗೆ ತಮ್ಮನ್ನು ತಾವೇ ನಂಬಿಸಿಕೊಂಡಿರುತ್ತಾರೆ. ನಾಲ್ಕನೇ ದಿನ ಅವ್ವ, "ಸುಮ್ನೆ ಆ ಕಂಪ್ಯೂಟರ್ ಮುಂದೆ ಕುಂತಿರ್ತೀಯಲ್ಲ, ಬಂದು ಅನ್ನಕ್ಕೊಂದು ಕೈ ಹಾಕು" ಅಂದಳು. ಅವಳ ಸಹಾಯಕಿ ನಿವೃತ್ತರಾಗಿ ತಿಂಗಳುಗಳಾಗಿದ್ದವು, ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಹಾಗಾಗಿ ಆರು ವಾರ ನಾನು ಅಂಗನವಾಡಿಯಲ್ಲಿ ಅಕ್ಕಿ ತೊಳೆದೆ, ಮೂಗು ಒರೆಸಿದೆ, ಚಡ್ಡಿ ಬದಲಿಸಿದೆ.

ಜೂನ್ ಮೊದಲ ವಾರಗಳು ಅಳುವಿನ ವಾರಗಳು. ಮೂರು ತುಂಬಿದ ಹೊಸ ಮಕ್ಕಳು ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಕೂಗುತ್ತವೆ. ತಾಯಂದಿರಿಗೆ ನಾಟಿಗೋ ಕಳೆಗೋ ಹೊತ್ತಾಗಿರುತ್ತದೆ. ಮಗು ಆಟದ ಸಾಮಾನಿನ ಕಡೆ ತಿರುಗಿದ ಕೂಡಲೇ ಹಿಂದಿನಿಂದ ಜಾರಿಕೊಳ್ಳುವುದೇ ಸುಲಭ ಅನಿಸುತ್ತದೆ ಅವರಿಗೆ. ನನಗೂ ಅದೇ ಸರಿ ಅನಿಸಿತ್ತು. ಒಬ್ಬಾಕೆಗೆ ನಾನೇ ಕಣ್ಣಿನಲ್ಲಿ ಸನ್ನೆ ಮಾಡಿ ಹೋಗು ಅಂದೆ. ಅವ್ವ ಅದನ್ನು ನೋಡಿದವಳೇ ಆಕೆಯನ್ನು ಬೀದಿಯಿಂದ ವಾಪಸು ಕರೆಸಿದಳು.

"ಕದ್ದು ಹೋಗಬ್ಯಾಡ ಕಣವ್ವ. 'ಬತ್ತೀನಿ ಮಗಾ' ಅಂತ ಅದರ ಮುಖ ನೋಡಿ ಹೇಳು. ಅಳ್ತದೆ, ಅಳ್ಲಿ. ಹೇಳ್ದಂಗೆ ಹೋದ್ರೆ ನಾಳಿಂದ ನಿನ್ನ ಸೆರಗೇ ಬಿಡಾಕಿಲ್ಲ."

ನಮ್ಮಲ್ಲಿ ಹೊರಟವರು 'ಹೋಗ್ತೀನಿ' ಅನ್ನುವುದಿಲ್ಲವಲ್ಲ, 'ಬರ್ತೀನಿ' ಎಂದೇ ಹೇಳುತ್ತಾರೆ. ಆ ಒಂದು ಮಾತಿನ ಮೇಲೆ ಅವ್ವ ತನ್ನ ಇಡೀ ಮೊದಲ ತಿಂಗಳನ್ನು ಕಟ್ಟಿದ್ದಾಳೆ ಎನ್ನುವುದು ನನಗೆ ಆಗ ಗೊತ್ತಾಯಿತು. ತಾಯಿ ಹೇಳಿ ಹೋಗಬೇಕು, ಹೇಳಿದ ಹೊತ್ತಿಗೆ ಬರಬೇಕು. ಗಡಿಯಾರ ಬರದ ಮಕ್ಕಳಿಗೆ 'ನಾಲ್ಕು ಗಂಟೆ' ಎಂದರೆ ಏನೂ ಅಲ್ಲ. ಅದಕ್ಕೇ ಅವ್ವ, "ಊಟ ಆಯ್ತದೆ, ನಿದ್ದೆ ಆಯ್ತದೆ, ಎದ್ದು ಮುಖ ತೊಳ್ಕೋತೀವಿ, ಆಗ ನಿಮ್ಮವ್ವ ಬತ್ತಾಳೆ" ಎಂದು ದಿನವನ್ನೇ ಗಡಿಯಾರ ಮಾಡಿ ಹೇಳುತ್ತಾಳೆ. ಆ ಕ್ರಮ ಒಂದು ದಿನವೂ ತಪ್ಪುವಂತಿಲ್ಲ. ಸಿಲಿಂಡರ್ ಖಾಲಿಯಾಗಿ ಊಟ ತಡವಾದ ದಿನ ಒಂದು ಹುಡುಗಿ ತಟ್ಟೆ ಮುಟ್ಟಲೇ ಇಲ್ಲ. ಊಟ ತಡವಾಯಿತು, ಹಾಗಾದರೆ ಅವ್ವನೂ ತಡವಾಗುತ್ತಾಳೆ ಎಂದು ಅದು ಲೆಕ್ಕ ಹಾಕಿತ್ತು.

ಒಂಬತ್ತೂವರೆಗೆ ಬಾಗಿಲು ತೆಗೆದರೆ ಮೊದಲ ಕೆಲಸ ಚಪ್ಪಲಿಯದ್ದು. ಬಂದ ಮಗು ಬಿಟ್ಟ ಚಪ್ಪಲಿಯನ್ನು ತಾನೇ ಜೋಡಿ ಮಾಡಿ ಗೋಡೆಗೆ ಇಡಬೇಕು. ಎಡ ಯಾವುದು, ಬಲ ಯಾವುದು, ತನ್ನದು ಯಾವುದು, ಇನ್ನೊಬ್ಬರದು ಯಾವುದು. ಬರಿಗಾಲಲ್ಲಿ ಬರುವ ಇಬ್ಬರಿಗೆ ಉಳಿದವರ ಚಪ್ಪಲಿ ಎಣಿಸುವ ಕೆಲಸ. ಅದು ದೊಡ್ಡ ಹುದ್ದೆ ಎನ್ನುವ ಹಾಗೆ ಅವ್ವ ಅವರನ್ನು ನಡೆಸಿಕೊಳ್ಳುತ್ತಿದ್ದಳು. ಆಮೇಲೆ ವೃತ್ತದಲ್ಲಿ ಕೂತು ಮಾತು. ರಾತ್ರಿ ಮನೆಯಲ್ಲಿ ಏನು ಸಾರು, ಯಾರ ಮನೆಯ ಹಸು ಕರು ಹಾಕಿತು, ಯಾರಪ್ಪ ಯಾರವ್ವನಿಗೆ ಬಯ್ದ. ಊರಿನ ಅರ್ಧ ಗುಟ್ಟು ಅವ್ವನಿಗೆ ಗೊತ್ತಿರುವುದು ಹೀಗೆ. ಒಂದನ್ನೂ ಅವಳು ಮನೆಗೆ ತರುತ್ತಿರಲಿಲ್ಲ. ಆಮೇಲೆ ಹಾಡು, ಕತೆ, ಹುಣಸೆಬೀಜದ ಲೆಕ್ಕ, ಕೈ ತೊಳೆಯುವುದು, ಊಟ. ಮೊಟ್ಟೆಯ ದಿನ ಎಲ್ಲರೂ ಹಾಜರು. ಸಂಜೆ ಕರೆದುಕೊಂಡು ಹೋಗಲು ಯಾರು ಬರುತ್ತಾರೆ ಎನ್ನುವುದೂ ಅವಳ ತಲೆಯಲ್ಲಿ ಬರೆದಿರುತ್ತದೆ. ಕುಡಿದು ಬಂದ ಅಪ್ಪನ ಕೈಗೆ ಮಗು ಕೊಡುವುದಿಲ್ಲ. "ಅಜ್ಜಿ ಕಳ್ಸಪ್ಪ" ಎಂದು ಬಾಗಿಲಿಗೆ ಅಡ್ಡ ನಿಂತುಬಿಡುತ್ತಾಳೆ.

ನಮ್ಮ ತಾಲೂಕಿಗೂ ಅಂಗನವಾಡಿಗೂ ಒಂದು ಹಳೆಯ ನಂಟಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗಕ್ಕೆಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಿಂದ ಆರಿಸಿದ್ದು ನಮ್ಮ ತಿರುಮಕೂಡಲು ನರಸೀಪುರವನ್ನು. ಜರ್ಮನಿಯ ಫ್ರೊಬೆಲ್ 1840ರಲ್ಲಿ ತನ್ನ ಶಾಲೆಗೆ ಕಿಂಡರ್‌ಗಾರ್ಟನ್, ಮಕ್ಕಳ ತೋಟ, ಎಂದು ಹೆಸರಿಟ್ಟ. ಒಂಬತ್ತು ತಿಂಗಳ ಕೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡವನು ಅವನು. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ ವಕೀಲಿ ಬಿಟ್ಟು ಬಂದವರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ ಮುಂದೆ ಬೋರ್ಡಿ, ಕೋಸಬಾಡದ ಕಡೆ ಹೋಗಿ, ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದು ಆದಿವಾಸಿ ಕೇರಿಗಳಲ್ಲೇ ಕೂತರು. ಒಂದು ರಾತ್ರಿ ಅವ್ವನಿಗೆ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಆವಮ್ಮನಿಗೆ ಫೋನಿನಾಗೆ ಎಂಟ್ರಿ ಮಾಡೋದು ಇರ್ಲಿಲ್ಲ ಬುಡು" ಅಂದಳು. ಆಗವಳು ಆ ದಿನದ ಹಾಜರಿ, ತೂಕ, ಎತ್ತರ ಎಲ್ಲವನ್ನೂ ನೆಟ್‌ವರ್ಕ್ ಸಿಗುವ ಹಿತ್ತಲಿನ ಕಲ್ಲಿನ ಮೇಲೆ ನಿಂತು ಮೊಬೈಲಿಗೆ ತುಂಬುತ್ತಿದ್ದಳು.

ನಾನೂ ಅಲ್ಲೇ ಕಲಿತವಳು. ಅವ್ವ ಕೆಲಸಕ್ಕೆ ಸೇರಿದಾಗ ನನಗಿನ್ನೂ ಎರಡು ತುಂಬಿರಲಿಲ್ಲ, ಸೊಂಟದ ಮೇಲೇ ಹೋಗಿದ್ದೆ. ಮೂರು ತುಂಬಿದ ಮೇಲೆ ಹೊಸ್ತಿಲು ದಾಟಿದರೆ ಅವಳನ್ನು ಟೀಚರ್ ಎನ್ನಬೇಕು. ಚಿಕ್ಕಿ ಹಂಚುವಾಗ ನನ್ನ ಸರದಿ ಕೊನೆಯದು. ಒಂದು ಕಡಿಮೆ ಬಿದ್ದರೆ ಅದು ನನ್ನದೇ. ಒಂದು ದಿನ ಬಿದ್ದು ಮೊಣಕಾಲು ತರಚಿಕೊಂಡು ತೊಡೆ ಏರಿದ್ದೆ. ಇನ್ನೊಂದು ಮಗು ಅಳುತ್ತಾ ಬಂತು. ಅವ್ವ ನನ್ನನ್ನು ಇಳಿಸಿ ಅದನ್ನು ಕೂರಿಸಿಕೊಂಡಳು. ಆ ಮಗು ಯಾರು ಎಂದು ನನಗೆ ಈಗಲೂ ನೆನಪಿದೆ. ಈಗ ಅವನು ಊರಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಾನೆ. ಅವನನ್ನು ಕಂಡಾಗ ಇಂದಿಗೂ ನನಗೆ ಸಣ್ಣದೊಂದು ಸಿಟ್ಟು ಬರುತ್ತದೆ. ಎಲ್ಲ ತಾಯಂದಿರೂ 'ಬತ್ತೀನಿ' ಎಂದು ಹೇಳಿ ಹೋಗುತ್ತಿದ್ದರು, ನಾಲ್ಕಕ್ಕೆ ಬರುತ್ತಿದ್ದರು. ನನ್ನವ್ವ ಎದುರಿಗೇ ಇರುತ್ತಿದ್ದಳು, ಹೇಳದೆ ಹೋಗಿರುತ್ತಿದ್ದಳು.

ಈಗ ಆ ಕೋಣೆಯಲ್ಲಿ ಹದಿನಾಲ್ಕು ಮಕ್ಕಳು. ನನ್ನ ಕಾಲದಲ್ಲಿ ಮೂವತ್ತರ ಮೇಲಿದ್ದೆವು. ವ್ಯಾನು ಬರುವ ಊರುಗಳಲ್ಲೆಲ್ಲ ಹೀಗೇ. ಮಕ್ಕಳ ಸಂಖ್ಯೆ ಯಾಕೆ ಇಳಿದಿದೆ ಎಂದು ಮೀಟಿಂಗಿನಲ್ಲಿ ಮೇಲಿನವರೊಬ್ಬರು ಅವ್ವನನ್ನು ನಿಲ್ಲಿಸಿ ಕೇಳಿದರಂತೆ. "ನಿಮ್ಮ ಮೊಮ್ಮಗಳೇ ಬರಲ್ವಂತಲ್ಲ, ಊರವರ್ಯಾಕೆ ಕಳಿಸ್ತಾರೆ?" ಎಲ್ಲರೂ ನಕ್ಕರಂತೆ. ಇದನ್ನು ನನಗೆ ಹೇಳಿದ್ದು ಅವ್ವನಲ್ಲ, ಪಕ್ಕದೂರಿನ ಟೀಚರು. ಅವ್ವನಿಗೆ ಬರುವುದು ಸಂಬಳವಲ್ಲ, ಗೌರವಧನ. ಪುಟ್ಟಿಯ ವರ್ಷದ ಫೀಸು ಅದರ ಮೂರು ತಿಂಗಳಿನದ್ದು. ಅದರಲ್ಲಿ ಒಂದು ಕಂತನ್ನು ಅವಳೇ ಕಟ್ಟುತ್ತಾಳೆ.

ಎರಡು ವರ್ಷದ ಹಿಂದೆ ಅಣ್ಣ ಒಂದು ರಾತ್ರಿ ನನಗೆ ಫೋನ್ ಮಾಡಿದ್ದ. "ನೀನು ಓದ್ದೋಳು, ನೀನೇ ಹೇಳು. ನಿಮ್ಮತ್ತಿಗೆ ಕಾನ್ವೆಂಟೇ ಅಂತಾಳೆ. ಅವ್ವನ ಕೇಳಕ್ಕೆ ನಂಗೆ ಬಾಯಿ ಬರ್ತಿಲ್ಲ." ನಾನು ಯೋಚಿಸುವುದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಹಿಂದಿನ ವಾರವಷ್ಟೇ ಒಂದು ಸೆಮಿನಾರಿನಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದಾಗ ನಾಲಿಗೆ ಒಣಗಿ ನಿಂತಿದ್ದೆ. ಆ ಉರಿ ಇನ್ನೂ ಆರಿರಲಿಲ್ಲ. "ಕಾನ್ವೆಂಟಿಗೆ ಹಾಕು" ಅಂದೆ. "ಅವ್ವಂಗೆ ನಾನು ಹೇಳ್ತೀನಿ" ಅಂತಲೂ ಅಂದೆ. ಹೇಳಲಿಲ್ಲ.

ಜುಲೈನ ಒಂದು ಶನಿವಾರ ಪುಟ್ಟಿಗೆ ರಜೆ, ಅಂಗನವಾಡಿಗೆ ಇಲ್ಲ. ಅವಳೂ ನಮ್ಮ ಜೊತೆ ಬಂದಳು. ಸ್ಲೇಟು ಹಿಡಿದವಳೇ ಎ ಯಿಂದ ಝಡ್‌ವರೆಗೆ ಒಂದೇ ಉಸಿರಿಗೆ ಬರೆದಳು. ಮಕ್ಕಳೆಲ್ಲ ಸುತ್ತ ನಿಂತು ನೋಡಿದವು. ಅವ್ವನ ಮುಖವನ್ನು ನಾನು ನೋಡಿದೆ. ಸಂಕಟವೇನೂ ಇರಲಿಲ್ಲ, ಮಗು ಬಿಡಲು ಬಂದ ತಾಯಂದಿರಿಗೆ ಸ್ಲೇಟು ಎತ್ತಿ ತೋರಿಸಿದಳು. "ನನ್ ಮೊಮ್ಮಗಳು ಕಣ್ರವ್ವ." ಪುಟ್ಟಿ ಚಪ್ಪಲಿ ಜೋಡಿಸಿದಳು, ಹುಣಸೆಬೀಜ ಎಣಿಸಿದಳು, ಎಲ್ಲರಿಗಿಂತ ಜೋರಾಗಿ ಹಾಡಿದಳು. ಊಟಕ್ಕೆ ಮುಂಚೆ ಎದ್ದುನಿಂತು ಕೈಕಟ್ಟಿ, ನನ್ನ ಕಡೆ ನೋಡಿ, "ಮಿಸ್, ಮೇ ಐ ಗೋ ಟು ಟಾಯ್ಲೆಟ್" ಅಂದಳು. ನಾನು ಬೇಳೆ ಹುಟ್ಟು ಆಡಿಸುತ್ತಿದ್ದೆ, ಕುಕ್ಕರಿನ ಸದ್ದಿನಲ್ಲಿ ಕೇಳಿಸಲಿಲ್ಲ. ಉಳಿದ ಮಕ್ಕಳು ಹೋಗಬೇಕೆನಿಸಿದಾಗ ಎದ್ದು ಹೋಗುತ್ತವೆ, ಯಾರನ್ನೂ ಕೇಳುವುದಿಲ್ಲ. ಪುಟ್ಟಿ ಕೈಕಟ್ಟಿಕೊಂಡು ಕಾಯುತ್ತಲೇ ನಿಂತಳು. ಫ್ರಾಕು ಒದ್ದೆಯಾಯಿತು. ಅಳಲಿಲ್ಲ, ಬಗ್ಗಿ ನೆಲ ನೋಡುತ್ತಿದ್ದಳು.

ಅವ್ವ ಎದ್ದು ಬಂದಳು. ತೊಡೆಯ ಮೇಲೆ ಆಗಷ್ಟೇ ಒಂದು ಹೊಸ ಮಗು ನಿದ್ದೆಹೋಗಿತ್ತು, ಅದನ್ನು ನನ್ನ ಕೈಗೆ ಕೊಟ್ಟಳು. ಪುಟ್ಟಿಯನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ತೊಳೆದು, ಅಂಗನವಾಡಿಯಲ್ಲಿ ಯಾರಿಗೋ ಇರಲಿ ಎಂದು ಇಟ್ಟಿದ್ದ ಚಡ್ಡಿಯನ್ನು ತೊಡಿಸಿದಳು. ಬಹಳ ಹೊತ್ತು ಇಳಿಸಲಿಲ್ಲ. ಇನ್ನೊಂದು ಮಗು ಬಂದು ಸೆರಗು ಎಳೆಯಿತು, ಆಗಲೂ ಇಳಿಸಲಿಲ್ಲ.

ಮಧ್ಯಾಹ್ನ ಮಕ್ಕಳು ಚಾಪೆಯ ಮೇಲೆ ಮಲಗಿದ್ದವು. ನಾವಿಬ್ಬರೂ ಬಾಗಿಲಲ್ಲಿ ಕೂತು ಸೋಮವಾರಕ್ಕೆ ಹೆಸರುಕಾಳು ಆರಿಸುತ್ತಿದ್ದೆವು. ನಾನು ಫೋನಿನ ವಿಷಯ ಹೇಳಿದೆ. ಕಾನ್ವೆಂಟಿಗೆ ಹಾಕು ಅಂದವಳು ನಾನೇ ಎಂದೆ.

"ಗೊತ್ತಿತ್ತು. ನಿಮ್ಮಣ್ಣ ಅವತ್ತೇ ಹೇಳ್ದ" ಅಂದಳು.

"ನೀನೇನಂದೆ?"

"ಏನನ್ಲಿ? ನನ್ನ ಕೇಳಿದ್ರೆ ನಾನೂ ಅದೇ ಹೇಳ್ತಿದ್ನೇನೋ. ಕೇಳ್ಬೇಕಾಗಿತ್ತು, ಅಷ್ಟೆಯ." ಮೊರ ಕೊಡವಿ ಹೊಟ್ಟು ಊದಿದಳು. ಆಮೇಲೆ ನನ್ನ ಮೊರದ ಕಡೆ ಬಗ್ಗಿ, "ಕಲ್ಲು ಹಂಗೇ ಬಿಟ್ಟಿದ್ದೀಯಲ್ಲೆ, ಸರಿಯಾಗಿ ನೋಡು. ಮಕ್ಕಳು ತಿನ್ನೋದು" ಅಂದಳು.