ಹಿಂಜವಡಿಯಲ್ಲಿ ಊಟ ಎಲ್ಲಿ?

ನನ್ನ ತಂಡಕ್ಕೆ ಹೊಸದಾಗಿ ಸೇರುವ ಹುಡುಗರು ಮೊದಲ ವಾರ ತಪ್ಪದೇ ಎರಡು ಪ್ರಶ್ನೆ ಕೇಳುತ್ತಾರೆ. ಪಿಜಿ ಎಲ್ಲಿ ಚೆನ್ನಾಗಿದೆ? ಊಟ ಎಲ್ಲಿ ಚೆನ್ನಾಗಿದೆ? ಮೊದಲನೆಯದಕ್ಕೆ ನನ್ನ ಬಳಿ ಉತ್ತರವಿಲ್ಲ. ಎರಡನೆಯದಕ್ಕೆ ಇದೆ, ಆದರೆ ಆ ಉತ್ತರ ನಾನು ಹುಡುಕಿದ್ದಲ್ಲ, ಅಪ್ಪ ಹುಡುಕಿದ್ದು.

ಪುಣೆಯ ಹಿಂಜವಡಿ ಎಂದರೆ ನಿಮಗೆ ನೆನಪಾಗುವುದು ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕು, ಮೂರು ಫೇಸು, ಮುಗಿಯದ ಟ್ರಾಫಿಕ್ಕು. ನನಗೂ ಹನ್ನೊಂದು ವರ್ಷ ಅಷ್ಟೇ ಗೊತ್ತಿತ್ತು. ಅದು ಮುಳಶಿ ತಾಲೂಕಿನ ಒಂದು ಹಳ್ಳಿ, ಅಲ್ಲಿ ಮ್ಹಾತೋಬಾ ಎಂಬ ದೇವರಿದ್ದಾನೆ, ಹನುಮ ಜಯಂತಿಗೆ ನಮ್ಮ ಕಡೆಯ ಸಿಡಿಯಂಥ ಬಗಾಡದ ಜಾತ್ರೆ ನಡೆಯುತ್ತದೆ ಎಂಬುದೆಲ್ಲ ನನಗೆ ತಿಳಿದದ್ದು ಜಾತ್ರೆಯ ದಿನ ರಸ್ತೆ ಬಂದಾಗಿ ಕ್ಲೈಂಟ್ ಕಾಲ್ ತಪ್ಪಿದಾಗ. ಊಟಕ್ಕೆ ಆಫೀಸಿನ ಫುಡ್ ಕೋರ್ಟ್ ಇತ್ತು. ಟೀಮ್ ಲಂಚ್ ಇದ್ದರೆ ಬಾಣೇರ್ ಕಡೆ ಹೋಗುತ್ತಿದ್ದೆವು. ಮನೆಯಲ್ಲಿ ಮಗ ಮೊಬೈಲ್ ಒತ್ತಿದರೆ ಅರ್ಧ ಗಂಟೆಯಲ್ಲಿ ಡಬ್ಬಿ ಬರುತ್ತಿತ್ತು. ಹಳ್ಳಿಯೊಳಗೆ ಕಾರು ಇಳಿದು ತಿನ್ನುವ ಅಗತ್ಯವೇ ಬಿದ್ದಿರಲಿಲ್ಲ.

ಹೋದ ವರ್ಷದ ಹಿಂದಿನ ದೀಪಾವಳಿ ಮುಗಿದ ಮೇಲೆ ಅವ್ವ ತೀರಿಕೊಂಡಳು. ಅಪ್ಪನನ್ನು ಒಬ್ಬನೇ ಬಿಡಬಾರದೆಂದು ಜನವರಿ ಕೊನೆಗೆ ಪುಣೆಗೆ ಕರೆದುಕೊಂಡು ಬಂದೆ. ನಮ್ಮದು ವಿಜಯಪುರ ಜಿಲ್ಲೆ, ಚಡಚಣದ ಹತ್ತಿರದ ಹಳ್ಳಿ. ಅಪ್ಪ ಐವತ್ತು ವರ್ಷ ಮುಂಜಾನೆ ರೊಟ್ಟಿ, ಸಂಜೆ ರೊಟ್ಟಿ ಉಂಡ ಮನುಷ್ಯ. ನಮ್ಮ ಹದಿನಾಲ್ಕನೇ ಮಹಡಿಯಲ್ಲಿ ಅಡುಗೆಯವಳು ಮಾಡುವ ಕಾಗದದಂಥ ಫುಲ್ಕಾ ಒಂದೂವರೆ ತಿಂದು ಕೈ ತೊಳೆಯುತ್ತಿದ್ದ. ಕೇಳಿದರೆ ಒಂದೇ ಉತ್ತರ: "ಹಸಿವಿಲ್ಲೋ ತಮ್ಮಾ." ಹೆಂಡತಿ ಪೇಟೆಯಿಂದ ಜೋಳದ ಹಿಟ್ಟಿನ ಪ್ಯಾಕೆಟ್ ತಂದು ಬಡಿಯಲು ನೋಡಿದಳು. ಹಳೆಯ ಹಿಟ್ಟು ಜಿಗಿ ಬಿಟ್ಟಿತ್ತು. ರೊಟ್ಟಿ ಹಂಚಿಗೆ ಹೋಗುವ ಮೊದಲೇ ನಾಲ್ಕು ತುಂಡು. ಅಪ್ಪ ಆ ತುಂಡುಗಳನ್ನು ಹಾಲಿನಲ್ಲಿ ನೆನೆಸಿ ತಿಂದ, ಸೊಸೆಗೆ ಬೇಜಾರಾಗಬಾರದೆಂದು. ಒಂದು ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿದ್ದ. ನಾನು ಏನು ಮಾಡಿದೆ ಗೊತ್ತೇ? ಎಕ್ಸೆಲ್ ಶೀಟ್ ಮಾಡಿದೆ. ದಿನಾಂಕ, ತಿಂಡಿ, ಊಟ, ತೂಕ. ಕಡಿಮೆಯಾದಲ್ಲಿ ಕೆಂಪು ಬಣ್ಣ. ನನಗೆ ಬರುವ ವಿದ್ಯೆ ಅದೊಂದೇ.

ಫೆಬ್ರವರಿಯ ಒಂದು ಮಧ್ಯಾಹ್ನ ಹೆಂಡತಿಯ ಫೋನು. ಅಪ್ಪ ಮನೆಯಲ್ಲಿಲ್ಲ, ಮೊಬೈಲು ಟೇಬಲ್ ಮೇಲೇ ಇದೆ. ಮೀಟಿಂಗ್ ಬಿಟ್ಟು ಓಡಿದೆ. ಸೊಸೈಟಿಯ ಕಾವಲುಗಾರ ಹೇಳಿದ: "ಆಜೋಬಾ ದಿನಾ ಹನ್ನೆರಡಕ್ಕೆ ಊರೊಳಗೆ ಹೋಗ್ತಾರಲ್ಲ, ನಿಮಗೆ ಗೊತ್ತಿಲ್ವಾ?" ದಿನಾ! ನನ್ನ ಶೀಟಿನಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ.

ಗುಡಿಯ ಹಿಂದಿನ ಓಣಿಯಲ್ಲಿ, ಒಂದು ಹಳೆಯ ಮನೆಯ ಪಡಸಾಲೆಯಲ್ಲಿ ಅಪ್ಪ ಸಿಕ್ಕ. ಗೋಡೆಗೆ ಒರಗಿ, ಕಾಲು ಮಡಚಿ, ಸ್ಟೀಲ್ ತಾಟಿನ ಮುಂದೆ. ಪಕ್ಕದಲ್ಲಿ ಆರೇಳು ಮಂದಿ ಸಿಮೆಂಟಿನ ಕೈಯ ಕೂಲಿಗಳು. ಎಲ್ಲರೂ ಜೋರಾಗಿ ಮಾತಾಡುತ್ತಿದ್ದರು, ಕನ್ನಡದಲ್ಲಿ! ಇಬ್ಬರು ಇಂಡಿ ಕಡೆಯವರು, ಉಳಿದವರು ಕಲಬುರಗಿ, ಯಾದಗಿರಿ. ನಾನು ದಿನಾ ಕಾರಿನ ಗಾಜು ಏರಿಸಿಕೊಂಡು ದಾಟುತ್ತಿದ್ದ ಕಟ್ಟಡಗಳನ್ನು ಕಟ್ಟುತ್ತಿದ್ದವರು. ಹಿಂದಿನ ರಾಜ್ಯೋತ್ಸವದಲ್ಲಿ "ಈ ಭಾಗದಲ್ಲಿ ಕನ್ನಡಿಗರೇ ಸಿಗುವುದಿಲ್ಲ" ಎಂದು ಮೈಕಿನಲ್ಲಿ ಕೊರಗಿದವನು ನಾನೇ. ಆ ಭಾಷಣಕ್ಕೆ ಚಪ್ಪಾಳೆಯೂ ಬಿದ್ದಿತ್ತು.

"ಬಾ, ಕೂಡು," ಎಂದ ಅಪ್ಪ, ತನ್ನದೇ ಮನೆಯೆಂಬಂತೆ. ಒಳಗಿನಿಂದ ಭಾಕ್ರಿ ಬಡಿಯುವ ಸಪ್ಪಳ. ಆ ಸಪ್ಪಳ ಕೇಳಿ ಎಷ್ಟೋ ತಿಂಗಳಾಗಿತ್ತು. ನಾನು ಟೈ ಸಡಿಲಿಸಿ ಕೂತೆ.

ಅದಕ್ಕೆ ಬೋರ್ಡಿಲ್ಲ. ಊರವರು ಖಾಣಾವಳ ಅನ್ನುತ್ತಾರೆ, ನಾವು ಖಾನಾವಳಿ ಅನ್ನುತ್ತೇವೆ. ನಡೆಸುವ ಹೆಂಗಸನ್ನು ಎಲ್ಲರೂ ಕರೆಯುವುದು ಕಾಕೂ. ಹೊಲ ಐಟಿ ಪಾರ್ಕಿಗೆ ಹೋಯಿತು, ಬಂದ ದುಡ್ಡು ಮೈದುನರ ಪಾಲಿಗೆ ಹೋಯಿತು, ಒಲೆ ಉಳಿಯಿತು. ಆಕೆ ತನ್ನ ಕಥೆಯನ್ನು ಇಷ್ಟರಲ್ಲೇ ಮುಗಿಸುತ್ತಾಳೆ. ತಾಟಿನಲ್ಲಿ ಎರಡು ಜ್ವಾರಿಯ ಭಾಕ್ರಿ, ಪಿಠ್ಲ, ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಕುಟ್ಟಿದ ಠೇಚಾ, ಗುದ್ದಿ ಒಡೆದ ಈರುಳ್ಳಿ, ಶೇಂಗಾ ಚಟ್ನಿ. ಕೊನೆಗೆ ಒಂದು ಹಿಡಿ ಇಂದ್ರಾಯಣಿ ಅಕ್ಕಿಯ ಅನ್ನ. ಈ ಮಾವಳ, ಮುಳಶಿಯ ಕಡೆ ಬೆಳೆಯುವ ಅಕ್ಕಿ ಅದು. ಘಮ ಬರುತ್ತದೆ, ಸ್ವಲ್ಪ ಅಂಟು. ಅಪ್ಪನಿಗೆ ಅನ್ನದ ಅಂಟು ಸೇರುವುದಿಲ್ಲ, ಅದಕ್ಕೆ ಬದಲು ಇನ್ನರ್ಧ ಭಾಕ್ರಿ. ಪಿಠ್ಲ ನಮ್ಮ ಝುಣಕದ ತಂಗಿ, ಕೊಂಚ ತೆಳು. ಠೇಚಾ ನಮ್ಮ ಹಸಿ ಖಾರ. ಹೆಸರುಗಳು ಬೇರೆ, ತಾಟು ಅದೇ. ಇದಕ್ಕೆ ನಾನು ಹನ್ನೊಂದು ವರ್ಷ ಮೂರು ಕಿಲೋಮೀಟರ್ ದೂರದಲ್ಲಿದ್ದೆ.

ಅಪ್ಪ ಮೊದಲ ದಿನ ಒಂದು ತುತ್ತು ತಿಂದವನೇ ಕಾಕೂಗೆ ಕೇಳಿದ್ದನಂತೆ, ಜೋಳ ಎಲ್ಲಿಯದು ಎಂದು. ಗಡಿಯವನಾದ್ದರಿಂದ ಅವನ ಮರಾಠಿ ನನ್ನದಕ್ಕಿಂತ ಚೆನ್ನಾಗಿದೆ. ಆಕೆಯ ತವರು ಮಂಗಳವೇಢೆ. ಅಣ್ಣ ವರ್ಷಕ್ಕೆರಡು ಸಲ ಮಾಲದಂಡಿ ಜೋಳದ ಚೀಲ ಕಳಿಸುತ್ತಾನೆ. ಮಂಗಳವೇಢೆ ಎಂದರೆ ನಮ್ಮೂರಿನಿಂದ ಗಡಿಯಾಚೆ, ಅಷ್ಟೇ. ಅದೇ ಕಪ್ಪು ನೆಲ, ಅದೇ ಹಿಂಗಾರಿ ಬೆಳೆ. "ಬಸವಣ್ಣ ಕರಣಿಕಿ ಮಾಡಿದ ಊರು ಅದು," ಎಂದು ಅಪ್ಪ ಹೇಳಿದರೆ ಕಾಕೂ ಆಕೆಯ ಊರಿನ ದಾಮಾಜಿ ಸಂತನ ಕಥೆ ಹೇಳಿದಳಂತೆ: ಬರಗಾಲದಲ್ಲಿ ಬಾದಶಹನ ಕಣಜ ತೆಗೆದು ಹಸಿದವರಿಗೆ ಕಾಳು ಹಂಚಿದವ. ಇಬ್ಬರ ಸ್ನೇಹ ಜೋಳದ ಮೇಲೆ ಕುದುರಿತು.

ಆಮೇಲೆ ಅಪ್ಪನ ಸರ್ಕೀಟು ನನಗೆ ಅರ್ಥವಾಗುತ್ತ ಹೋಯಿತು. ಊಟದ ನಂತರ ರಸವಂತಿ ಗೃಹ. ಮಹಾರಾಷ್ಟ್ರದಲ್ಲಿ ಕಬ್ಬಿನ ಹಾಲಿನ ಅಂಗಡಿಗಳಲ್ಲಿ ಎಷ್ಟೋ ಅಂಗಡಿಗೆ ನವನಾಥ ಅಥವಾ ಕಾನಿಫನಾಥ ಎಂದೇ ಹೆಸರು, ಗಾಣಕ್ಕೆ ಗೆಜ್ಜೆ ಕಟ್ಟಿರುತ್ತಾರೆ. ಹಿಂದೆ ಎತ್ತಿನ ಕೊರಳಲ್ಲಿದ್ದ ಗೆಜ್ಜೆ ಈಗ ಮೋಟಾರಿಗೆ ಬಂದಿದೆ ಎಂಬುದು ಅಪ್ಪನ ವ್ಯಾಖ್ಯಾನ. ಐಸ್ ಬೇಡ, ಶುಂಠಿ ಹೆಚ್ಚು. ಸಂಜೆ ಐದಕ್ಕೆ ಅಮೃತತುಲ್ಯ ಎಂದು ಬೋರ್ಡು ಹಾಕಿದ ಚಹಾದಂಗಡಿ. ಪುಣೆಯಲ್ಲಿ ಈ ಹೆಸರಿನ ಅಂಗಡಿ ಗಲ್ಲಿಗೊಂದು. ಹಾಲು, ಸಕ್ಕರೆ, ಏಲಕ್ಕಿ ಎಲ್ಲ ಒಟ್ಟಿಗೆ ಕುದಿಯುತ್ತವೆ, ಚಹಾ ಸಿಹಿ ಸಿಹಿ. ಅಪ್ಪನಿಗೆ ಸಕ್ಕರೆ ಕಾಯಿಲೆ ಇಲ್ಲದಿರುವುದು ದೇವರ ದಯೆ. ಮಿಸಳ ಮಾತ್ರ ಅವನಿಗೆ ಹಿಡಿಸಲಿಲ್ಲ. "ಚುರುಮುರಿ ಮ್ಯಾಲೆ ಸಾರು ಸುರುವಿ ಕೊಡತಾರ, ಬ್ರೆಡ್ ಬ್ಯಾರೆ," ಎಂದ. ಈ ತೀರ್ಪನ್ನು ಪುಣೆಯ ಗೆಳೆಯರಿಗೆ ಹೇಳಬೇಡಿ. ನನ್ನ ಪ್ರಕಾರ ಬೆಳಿಗ್ಗೆ ಎಂಟರೊಳಗೆ, ತರ್ರಿ ಮೇಲೆ ತೇಲುತ್ತಿರುವಾಗ ತಿಂದರೆ ಮಿಸಳ ಚೆನ್ನಾಗಿರುತ್ತದೆ; ಹತ್ತರ ಮೇಲೆ ಅದು ಬರೀ ಮಡಕಿಕಾಳಿನ ನೀರು.

ಶನಿವಾರಗಳಲ್ಲಿ ನಾನೂ ಪಡಸಾಲೆಗೆ ಹೋಗತೊಡಗಿದೆ. ಕೂಲಿಯವರಲ್ಲಿ ಹಿರಿಯನಾದ ಇಂಡಿಯ ಗೌಂಡಿ ನನ್ನನ್ನು ಸಾಹೇಬ್ರ ಎನ್ನುತ್ತಿದ್ದವನು ಜೂನ್ ಹೊತ್ತಿಗೆ ಅಣ್ಣಾರ ಎನ್ನತೊಡಗಿದ. ಅಪ್ಪನ ತೂಕ ಮರಳಿ ಬಂತು. ನಾನು ಶೀಟು ಅಳಿಸಲಿಲ್ಲ, ತುಂಬುವುದನ್ನು ಬಿಟ್ಟೆ.

ಸೆಪ್ಟೆಂಬರಿನಲ್ಲಿ ಅಪ್ಪ ಊರಿಗೆ ಹೊರಟ. ಹೊಲ ಪಾಲಿಗೆ ಕೊಟ್ಟಿದ್ದರೂ ಬಿತ್ತಿಗೆಗೆ ನಿಲ್ಲಬೇಕಂತೆ. ತಡೆಯಲಿಲ್ಲ. ಅಪ್ಪ ಹೋದ ಮೇಲೆ ನಾನೂ ಕಾಕೂ ಕಡೆ ಹೋಗಲಿಲ್ಲ. ಅಕ್ಟೋಬರಿನಲ್ಲಿ ರಿಲೀಸು, ನವೆಂಬರಿನಲ್ಲಿ ಅವ್ವನ ವರ್ಷಾಬ್ದಿಕ, ಆಮೇಲೆ ಮತ್ತೊಂದು ರಿಲೀಸು. ಪ್ರತಿ ಭಾನುವಾರ ಫೋನಿನಲ್ಲಿ ಅಪ್ಪನ ಪ್ರಶ್ನೆ: "ಕಾಕೂನ ಕಡೆ ಹೋಗಿದ್ದೇನು?" ಪ್ರತಿ ಭಾನುವಾರ ನಾನು, "ಹೋಗಿದ್ದೆ."

ಡಿಸೆಂಬರಿನ ಒಂದು ಭಾನುವಾರ ಇನ್ನೊಂದು ಪ್ರಶ್ನೆ ಬಂತು. "ಏನುಂಡಿ?"

"ಭಾಕ್ರಿ, ಪಿಠ್ಲ. ಪಡಸಾಲ್ಯಾಗ ಕೂತು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಪಡಸಾಲಿ ಒಡದು ಹದಿನೈದು ದಿನ ಆತಂತಲ್ಲೋ ತಮ್ಮಾ. ರಸ್ತಾ ದೊಡ್ಡದು ಮಾಡಾಕತ್ತಾರಂತ. ಆ ಇಂಡಿ ಹುಡುಗ ಫೋನ್ ಮಾಡಿದ್ದ."

ಅಪ್ಪ ಬೈಯಲಿಲ್ಲ. ಈ ಸಲ ತೆನೆ ಚೆನ್ನಾಗಿ ಕಟ್ಟಿವೆ ಎಂದು ಹೇಳಿ ಇಟ್ಟುಬಿಟ್ಟ.

ಮರುದಿನ ಹನ್ನೆರಡಕ್ಕೆ ಹೋದೆ. ಪಡಸಾಲೆ ಇದ್ದ ಜಾಗದಲ್ಲಿ ಕಲ್ಲು, ಮಣ್ಣು. ಮನೆಯ ಬಾಗಿಲು ನೇರ ರಸ್ತೆಗೇ ತೆರೆದಿತ್ತು. ಪಕ್ಕದ ಸಂದಿಯಿಂದ ಬಡಿಯುವ ಸಪ್ಪಳ ಬಂತು, ಅದರ ಹಿಂದೆ ಹೋದೆ. ಕಾಕೂ ಹಿತ್ತಲಲ್ಲಿ ತಗಡಿನ ಕೆಳಗೆ ಒಲೆ ಹೂಡಿದ್ದಳು. ಕೂಡಲು ಜಾಗವಿಲ್ಲ, ಈಗ ಡಬ್ಬಿ ಮಾತ್ರ. ನನ್ನನ್ನು ನೋಡಿ, ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ, "ಬಾಬಾ ಹೇಗಿದ್ದಾರೆ?" ಎಂದಳು. ಅಲ್ಲೇ ಅಪ್ಪನಿಗೆ ಫೋನ್ ಹಚ್ಚಿ ಆಕೆಯ ಕೈಗೆ ಕೊಟ್ಟೆ. ಹಿಟ್ಟಿನ ಕೈಯಲ್ಲೇ ಹಿಡಿದಳು. ಹತ್ತು ನಿಮಿಷ ಜೋಳ, ಮಂಜು, ಹಕ್ಕಿ ಕಾಟ. ಕೊನೆಗೆ ಭೋಗಿಯ ಮಾತು ಬಂತು. ಆ ದಿನ ಆಕೆ ಎಳ್ಳು ಹಚ್ಚಿದ ಬಾಜರಿ ಭಾಕ್ರಿ ಮಾಡುತ್ತಾಳೆ, ನಮ್ಮಲ್ಲೂ ಅವತ್ತು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಅಪ್ಪ ಭೋಗಿಗೆ ಬರುತ್ತಾನಂತೆ. ನನಗೆ ಹೇಳುವ ಮೊದಲು ಆಕೆಗೆ ಹೇಳಿದ.

ಹೊಸಬರಿಗೆ ಈಗ ದಾರಿ ಹೀಗೆ ಹೇಳುತ್ತೇನೆ: ಗುಡಿಯ ಹಿಂದಿನ ಓಣಿ, ಮುಂಭಾಗ ಒಡೆದ ಮನೆ, ಬಲಗಡೆ ಸಂದಿ. ನಿಮ್ಮ ಡಬ್ಬಿ ನೀವೇ ಒಯ್ಯಿರಿ. ಒಂದೂವರೆಯೊಳಗೆ ಹೋಗಿ, ಕೂಲಿಯವರ ಡಬ್ಬಿ ತುಂಬುವ ತನಕ ಸಾಲಿನಲ್ಲಿ ನಿಲ್ಲಿರಿ. ಸಾಲಿನಲ್ಲಿ ಕನ್ನಡ ಕೇಳಿಸಿದರೆ ಮಾತಾಡಿಸಿ.