ಟಕ್ ಎಂದು ಸುಮ್ಮನಾಗುವ ಗಾಡಿ

ಪೂರ್ತಿ ಕೆಟ್ಟುಹೋದ ಗಾಡಿಯನ್ನು ಸರಿಪಡಿಸುವುದು ಸುಲಭ. ಆಗೊಮ್ಮೆ ಈಗೊಮ್ಮೆ ಕೆಡುವ ಗಾಡಿ ಹಾಗಲ್ಲ. ಮನೆಯಂಗಳದಲ್ಲಿ ಹಟ ಹಿಡಿದು ನಿಂತದ್ದು ಗ್ಯಾರೇಜಿನ ಬಾಗಿಲಲ್ಲಿ ಒಂದೇ ಸೆಲ್ಫಿಗೆ ಹೊರಡುತ್ತದೆ, ಡಾಕ್ಟರ ಮುಂದೆ ಕುಳಿತೊಡನೆ ಮಾಯವಾಗುವ ಹಲ್ಲುನೋವಿನಂತೆ. ಸರಿಯಾಗಿಯೇ ಓಡುತ್ತಿರುವ ಗಾಡಿಯಲ್ಲಿ ಮೆಕ್ಯಾನಿಕ್ ಏನನ್ನು ಹುಡುಕಿಯಾನು? ಆಗ ಊಹೆ ಶುರುವಾಗುತ್ತದೆ. ಊಹೆಗೆ ಖರ್ಚು ಜಾಸ್ತಿ.

ವಿಟ್ಲದ ಆಸುಪಾಸಿನ ಎಷ್ಟೋ ತೋಟದ ಮನೆಗಳಲ್ಲಿ ಹಳೆಯದೊಂದು ಡೀಸೆಲ್ ಪಿಕಪ್ ಇರುತ್ತದೆ. ಗೊಬ್ಬರ, ಅಡಿಕೆ, ಬೈಹುಲ್ಲು, ಮದುವೆಯ ಪಾತ್ರೆ ಎಲ್ಲಕ್ಕೂ ಅದೇ. ನಮ್ಮ ನೆರೆಮನೆಯವರ ಪಿಕಪ್ ಕಳೆದ ಮಳೆಗಾಲದಲ್ಲಿ ಹೀಗೆ ಆಟ ಆಡತೊಡಗಿತು. ಹೊಸ ಬ್ಯಾಟರಿ ಹಾಕಿಸಿದರು. ಎರಡು ವಾರ ಸುಮ್ಮನಿದ್ದು ಮತ್ತೆ ಶುರು. ಸೆಲ್ಫ್ ಮೋಟಾರು ಬಿಚ್ಚಿಸಿ ರಿಪೇರಿ ಮಾಡಿಸಿದರು. ಮತ್ತೆ ಅದೇ ಕತೆ.

"ಇದನ್ನು ಕೊಟ್ಟು, ಸಾಲ ಮಾಡಿ ಬೇರೆ ತೆಗೆಯುವುದೇ ಮಾಸ್ಟ್ರೇ. ಅಮ್ಮನಿಗೆ ರಾತ್ರಿ ಉಬ್ಬಸ ಬಂದರೆ ಪುತ್ತೂರಿಗೆ ಹೋಗಬೇಕಲ್ಲ ಮಾರಾಯ್ರೇ. ಆ ಹೊತ್ತಿಗೆ ಇದು ಕೈಕೊಟ್ಟರೆ ಎಂತ ಮಾಡುವುದು?" ಎಂದರು.

ಅವರ ಮಗ ಹತ್ತನೇ ತರಗತಿ. ಓಮನ ನಿಯಮವನ್ನು ನಿದ್ದೆಯಲ್ಲಿ ಕೇಳಿದರೂ ಹೇಳುವ ಹುಡುಗ. ಅವನಿಗೆ ನಾನು ಹೇಳಿದ್ದು ಇಷ್ಟೇ: "ಇನ್ನು ಏನನ್ನೂ ಬದಲಾಯಿಸುವುದು ಬೇಡ. ಪ್ರತಿ ಸಲ ಸ್ಟಾರ್ಟ್ ಮಾಡುವಾಗಲೂ ಬರೆದಿಡು." ಸಮಯ, ಮಳೆ ಇತ್ತೇ ಇಲ್ಲವೇ, ಎಂಜಿನ್ ಬಿಸಿಯೋ ತಣ್ಣಗೋ, ಯಾವ ಶಬ್ದ ಬಂತು, ಲೈಟು ಮಂಕಾಯಿತೇ. ಒಂದು ಹಳೆಯ ನೋಟ್‌ಬುಕ್ಕು ಸಾಕು.

ಈ ಪ್ರಶ್ನೆಗಳಿಗೆ ಅರ್ಥವಿದೆ. ಕೀ ತಿರುಗಿಸಿದಾಗ ಶಬ್ದವೇ ಬಾರದಿದ್ದರೆ ಮೊದಲ ಸಂಶಯ ಕೀ ಸ್ವಿಚ್ಚು ಮತ್ತು ಅದರ ಸಣ್ಣ ವೈರುಗಳ ಮೇಲೆ. ಎಂಜಿನ್ ಚುರುಕಾಗಿ ತಿರುಗಿಯೂ ಸ್ಟಾರ್ಟ್ ಆಗದಿದ್ದರೆ ಡೀಸೆಲ್ ಬರುತ್ತಿಲ್ಲ, ಪೈಪಿಗೆ ಗಾಳಿ ಸೇರಿರಬಹುದು. ಟಕ್ ಎಂದು ಸುಮ್ಮನಾಗಿ ಲೈಟೂ ತೀರಾ ಮಂಕಾದರೆ ಬ್ಯಾಟರಿಯನ್ನು ನೋಡಬೇಕು. ಟಕ್ ಎಂದರೂ ಲೈಟು ಹೆಚ್ಚು ಕುಗ್ಗದಿದ್ದರೆ, ಸೆಲ್ಫಿನ ಒಳಗೋ ಅದರ ದಪ್ಪ ವೈರಿನ ದಾರಿಯಲ್ಲೋ ಏನೋ ಅಡ್ಡಿ ಇದೆ.

ಹುಡುಗನ ಪುಸ್ತಕದಲ್ಲಿ ಒಂದು ಸಂಗತಿ ಎದ್ದು ಕಂಡಿತು. ಬೆಳಗ್ಗಿನ ಚಳಿಗೆ ಗಾಡಿ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಕೈಕೊಟ್ಟದ್ದೆಲ್ಲ ಹೊಂಡದ ರಸ್ತೆಯಲ್ಲಿ ಹೇರು ಹೊತ್ತು ಬಂದು ನಿಂತ ಮೇಲೆ. ಪ್ರತಿ ಸಲವೂ ಟಕ್ ಶಬ್ದ, ಲೈಟು ಚೆನ್ನಾಗಿಯೇ ಇತ್ತು. ಹಾಗಾದರೆ ಹೊಸ ಬ್ಯಾಟರಿಯ ಖರ್ಚು ಬೇಕಿರಲಿಲ್ಲ.

ಇನ್ನು ಬೇಕಾದದ್ದು ಕೆಟ್ಟಿರುವ ಆ ಕ್ಷಣ ಮಾತ್ರ. ಒಂದು ಸಂಜೆ ಗೊಬ್ಬರ ಇಳಿಸಿದ ಮೇಲೆ ಅದು ಸಿಕ್ಕಿತು. ತಂದೆ ಎಂದಿನಂತೆ ತಳ್ಳಲು ಆಳುಗಳನ್ನು ಕರೆದರು. "ಅಪ್ಪಾ, ಈಗ ತಳ್ಳುವುದು ಬೇಡ. ಅಳೆದು ನೋಡುವ" ಎಂದ ಹುಡುಗ. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಗಿ. ತಂದೆ ಕೀ ತಿರುಗಿಸುವಾಗ ಬ್ಯಾಟರಿಯ ಎರಡು ತುದಿಗಳ ನಡುವೆ ಮಲ್ಟಿಮೀಟರ್ 11 ವೋಲ್ಟ್ ತೋರಿಸಿತು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯದಿದ್ದರೆ ಬ್ಯಾಟರಿಗೆ ದೋಷವಿಲ್ಲ. ಅನಂತರ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಹಿಡಿದ. ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕಾದಲ್ಲಿ ಸುಮಾರು 6 ವೋಲ್ಟ್!

ಎಂಜಿನ್ ಕುಳಿತಿರುವುದು ರಬ್ಬರಿನ ಮೇಲೆ. ಆದ್ದರಿಂದ ಸೆಲ್ಫ್ ಮೋಟಾರಿನ ವಿದ್ಯುತ್ತು ಬ್ಯಾಟರಿಗೆ ಮರಳಲು ಎಂಜಿನ್ನಿನಿಂದ ಚಾಸಿಗೆ ತಾಮ್ರದ ಒಂದು ಅರ್ತ್ ಪಟ್ಟಿ ಕಟ್ಟಿರುತ್ತಾರೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆ ನಮ್ಮದು. ಪಟ್ಟಿಯ ಬೋಲ್ಟಿನ ಅಡಿಯಲ್ಲಿ ತುಕ್ಕು ಹಿಡಿದು, ತಾಮ್ರ ಹಸಿರುಗಟ್ಟಿತ್ತು. ಗಾಡಿ ಕುಲುಕಿದಂತೆ ಕೆಲವೊಮ್ಮೆ ಅಂಟುತ್ತಿತ್ತು, ಕೆಲವೊಮ್ಮೆ ಬಿಡುತ್ತಿತ್ತು.

ಲೆಕ್ಕ ನೋಡಿ. ಸೆಲ್ಫಿಗೆ 200 ಆಂಪಿಯರ್, ತುಕ್ಕಿನ ರೋಧ ಬರೀ 0.03 ಓಮ್ ಎನ್ನೋಣ. ಗುಣಿಸಿದರೆ 6 ವೋಲ್ಟ್, ಎಂದರೆ ಬ್ಯಾಟರಿಯ ಅರ್ಧ ಬಲ ಅಲ್ಲೇ ನಷ್ಟ. ಅದೇ ಜಾಗದಲ್ಲಿ 5 ಆಂಪಿಯರಿನ ಬಲ್ಬು ಉರಿಸಿ ಪರೀಕ್ಷಿಸಿದರೆ ನಷ್ಟ 0.15 ವೋಲ್ಟ್. ಬಲ್ಬು ಚೆನ್ನಾಗಿಯೇ ಉರಿಯುತ್ತದೆ, ದೋಷ ಅಡಗಿಯೇ ಇರುತ್ತದೆ. ಹೆಡ್‌ಲೈಟಿನ ವಿದ್ಯುತ್ತಂತೂ ಆ ಪಟ್ಟಿಯ ಮೂಲಕ ಹೋಗುವುದೇ ಇಲ್ಲ.

ಬ್ಯಾಟರಿಯ ನೆಗೆಟಿವ್ ವೈರನ್ನು ಮೊದಲು ಬಿಚ್ಚಿ, ಬೋಲ್ಟಿನ ಜಾಗವನ್ನು ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ಗ್ರೀಸು ಸವರಿದ್ದಾಯಿತು. ಮೀಟರು 0.2 ವೋಲ್ಟಿಗೆ ಇಳಿಯಿತು. ಪಿಕಪ್ ಮಾರುವ ಮಾತು ಅಲ್ಲಿಗೆ ನಿಂತಿತು. ರಾತ್ರಿ ಎದ್ದು ಬ್ಯಾಟರಿ ತುದಿ ಅಲುಗಿಸುವ ಕೆಲಸವೂ ಆ ಮನೆಯವರಿಗೆ ತಪ್ಪಿತು.

ಜಾರ್ಜ್ ಸೈಮನ್ ಓಮ್ ಕೂಡ ಜರ್ಮನಿಯ ಕಲೋನ್ ನಗರದ ಶಾಲೆಯಲ್ಲಿ ಗಣಿತ, ಭೌತಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು. ಬೇರೆ ಬೇರೆ ಉದ್ದದ ತಂತಿಗಳಲ್ಲಿ ಅಳೆದು ಅಳೆದು ತಿಳಿದದ್ದನ್ನು 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆ ನಿಯಮ ನಮ್ಮ ಮಕ್ಕಳಿಗೆ ಎರಡು ಅಂಕದ ಪ್ರಶ್ನೆಯಾಗಿ ಉಳಿದಿದೆ.

"ಪರೀಕ್ಷೆಯ ವರ್ಷ, ಗಾಡಿಯ ಅಡಿಗೆ ಯಾಕೆ?" ಎಂದು ಕೇಳುವ ಹೆತ್ತವರಿದ್ದಾರೆ. ಅಳತೆ ಮಾಡುವುದು, ಬರೆದಿಡುವುದು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು ಕೂಡ ಓದೇ. ಮಲ್ಟಿಮೀಟರಿಗೆ ಕೆಲವು ನೂರು ರೂಪಾಯಿ ಸಾಕು. ಮಕ್ಕಳ ಕೈಗೆ ಕೊಡಿ. ಮನೆಯ 230 ವೋಲ್ಟಿನ ಪ್ಲಗ್ಗಿಗೆ ಮಾತ್ರ ಹಚ್ಚದಂತೆ ಮೊದಲೇ ಹೇಳಿರಿ. 12 ವೋಲ್ಟಿನ ಬ್ಯಾಟರಿಯಿಂದ, ಹಿರಿಯರೊಬ್ಬರು ಪಕ್ಕದಲ್ಲಿರುವಾಗ ಶುರುಮಾಡಲಿ.